ಹಿತ್ತಲ ಪ್ರಶ್ನೋತ್ತರ: ದುಂಡುಮಲ್ಲಿಗೆಯೋ, ದಾಸವಾಳವೋ?

ಪ್ರಶ್ನೆ: ಮನೆಯ ಪಕ್ಕ ಎಂಟು ಅಡಿ ಉದ್ದ, ಐದು ಅಡಿ ಅಗಲದ ಜಾಗವಿದೆ. ಪೂರಾ ಎರಿ (ಕಪ್ಪು) ಮಣ್ಣು. ನಲ್ಲಿ ನೀರು ದಿನಾ ಬರುವುದಿಲ್ಲ. ಪೂಜೆಗೆ ಹೂವು ಬೇಕು. ದುಂಡುಮಲ್ಲಿಗೆ ಹಚ್ಚಬೇಕೋ, ದಾಸವಾಳವೋ? ಎರಡನ್ನೂ ಹಚ್ಚಬಹುದೇ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ದಿನಾ ಬೆಳಿಗ್ಗೆ ದೇವರ ಮುಂದೆ ಇಡಲು ಹೂವು ಬೇಕೆಂದರೆ ದಾಸವಾಳ. ದುಂಡುಮಲ್ಲಿಗೆ ಮಾರ್ಚ್‌ನಿಂದ ಜೂನ್‌ವರೆಗೆ ಬುಟ್ಟಿ ತುಂಬಿಸುತ್ತದೆ, ಆಮೇಲೆ ಕೈ ಬಿಗಿ ಹಿಡಿಯುತ್ತದೆ. ಚಳಿಗಾಲದಲ್ಲಂತೂ ಅದರಿಂದ ಏನೂ ನಿರೀಕ್ಷಿಸಬೇಡಿ. ನಿಮ್ಮ ಜಾಗದಲ್ಲಿ ಎರಡೂ ಹಿಡಿಯುತ್ತವೆ. ಹೆಚ್ಚು ಬಿಸಿಲು ಬೀಳುವ ತುದಿ ಮಲ್ಲಿಗೆಗಿರಲಿ, ಅದಕ್ಕೆ ಕನಿಷ್ಠ ಆರು ತಾಸು ನೇರ ಬಿಸಿಲು ಬೇಕು. ಒಂಟಿ ಎಸಳಿನ ಕೆಂಪು ದಾಸವಾಳ ನಾಲ್ಕೈದು ತಾಸಿನ ಬಿಸಿಲಿಗೂ ಹೂ ಬಿಡುತ್ತದೆ. ಗಿಡಗಳ ನಡುವೆ ನಾಲ್ಕೈದು ಅಡಿ ಅಂತರ ಬಿಡಿ.

ಎರಿ ಮಣ್ಣಿನ ತೊಂದರೆ ಮಳೆಗಾಲದಲ್ಲಿ ಶುರುವಾಗುತ್ತದೆ. ಗುಂಡಿಯೊಳಗೆ ನೀರು ನಿಂತು ಬೇರು ಕೊಳೆಯುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರಿದು ಎಳೆ ಬೇರನ್ನು ಹರಿಯುತ್ತದೆ. ಮಲ್ಲಿಗೆಗೆ ಒಂದೂವರೆ ಅಡಿ, ದಾಸವಾಳಕ್ಕೆ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ತೆಗೆದ ಮಣ್ಣು ಒಂದು ಪಾಲು, ಮಸಾರಿ (ಕೆಂಪು) ಮಣ್ಣು ಅಥವಾ ಗರಸು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು ಕೂಡಿಸಿ ತುಂಬಿ. ಗಿಡದ ಬುಡ ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ಎತ್ತರ ಇರಲಿ. ಧಾರವಾಡದ ಮಸಾರಿ ಮಣ್ಣಿನವರಿಗೆ ಇಷ್ಟು ಉಸಾಬರಿ ಬೇಕಿಲ್ಲ.

ಹೆಚ್ಚಿನ ಮನೆಗಳಲ್ಲಿ ತಪ್ಪುವುದು ನೀರಿನ ವಿಷಯದಲ್ಲಿ. ಎರಡು ಗಿಡಕ್ಕೂ ವರ್ಷವಿಡೀ ಒಂದೇ ಸಮ ಒಂದೊಂದು ಬಕೆಟ್ ಸುರಿಯುತ್ತಾರೆ. ಮಲ್ಲಿಗೆ ಸೊಂಪಾಗಿ ಎಲೆ ಬಿಡುತ್ತದೆ, ಬಳ್ಳಿಯಂತೆ ಚಾಚುತ್ತದೆ, ಮೊಗ್ಗು ಮಾತ್ರ ಇಲ್ಲ. ಅದಕ್ಕೆ ವರ್ಷಕ್ಕೊಮ್ಮೆ ಉಪವಾಸ ಬೇಕು. ನವೆಂಬರ್ ನಡುವಿನಿಂದ ಹತ್ತು–ಹದಿನೈದು ದಿನ ನೀರು ನಿಲ್ಲಿಸಿ. ತಿಂಗಳ ಕೊನೆಗೆ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಇಡೀ ಗಿಡವನ್ನು ಚಾಟಣಿ ಮಾಡಿ, ಅಂದರೆ ಕತ್ತರಿಸಿ. ಒಣಗಿದ, ಕಡ್ಡಿಯಂಥ ಟೊಂಗೆಗಳನ್ನು ಬುಡದಿಂದಲೇ ತೆಗೆಯಿರಿ. ಉಳಿದ ಎಲೆಗಳನ್ನೂ ಕಿತ್ತುಬಿಡಿ, ಕರುಣೆ ಬೇಡ. ಆಮೇಲೆ ಬುಡ ಕೆದಕಿ ಐದು ಕಿಲೋ ತಿಪ್ಪೆಗೊಬ್ಬರ, 100 ಗ್ರಾಂ ಬೇವಿನ ಹಿಂಡಿ ಹಾಕಿ ನೀರು ಶುರು ಮಾಡಿ. ಮೊಗ್ಗು ಮೂಡುವುದು ಹೊಸ ಚಿಗುರಿನ ತುದಿಯಲ್ಲಿ, ಅದಕ್ಕೇ ಈ ಕತ್ತರಿ.

ದಾಸವಾಳವನ್ನು ಹೀಗೆ ಒಣಗಿಸಿದರೆ ಮುನಿದು ಮೊಗ್ಗು ಉದುರಿಸುತ್ತದೆ. ಅದಕ್ಕೆ ಮೇಲಿನ ಒಂದಂಗುಲ ಮಣ್ಣು ಒಣಗಿದಾಗಲೆಲ್ಲ ನೀರು ಬೇಕು. ಬೇಸಿಗೆಯಲ್ಲಿ ಬುಡಕ್ಕೆ ಮೂರು ಅಂಗುಲ ಒಣ ಎಲೆ ಅಥವಾ ಕಬ್ಬಿನ ರವದಿ ಹೊದಿಸಿದರೆ ನಲ್ಲಿ ನೀರು ತಡವಾದರೂ ತಡೆದುಕೊಳ್ಳುತ್ತದೆ. ಇದರ ಚಾಟಣಿ ಜೂನ್‌ನ ಮೊದಲ ಮಳೆಯ ನಂತರ, ಮೂರನೇ ಒಂದು ಪಾಲು ಮಾತ್ರ. ಕತ್ತರಿಸಿದ ಟೊಂಗೆಗಳಲ್ಲಿ ಪೆನ್ಸಿಲ್ ದಪ್ಪದವನ್ನು ಅರ್ಧ ಅಡಿ ಉದ್ದಕ್ಕೆ ತುಂಡು ಮಾಡಿ ನೆರಳಿನಲ್ಲಿ ನೆಟ್ಟರೆ ಒಂದೂವರೆ ತಿಂಗಳೊಳಗೆ ಬೇರು ಬಿಡುತ್ತವೆ, ನೆರೆಮನೆಯವರಿಗೂ ಕೊಡಬಹುದು. ರಂಜಕ (ಫಾಸ್ಫರಸ್) ಹೆಚ್ಚಿರುವ ಡಿಎಪಿ ಗೊಬ್ಬರ ಹಾಕಬೇಡಿ, ದಾಸವಾಳಕ್ಕೆ ಅದು ಹೆಚ್ಚಾದರೆ ಒಗ್ಗುವುದಿಲ್ಲ. ಪಕ್ಕದಲ್ಲಿ ಬೆಂಡಿ ಹಚ್ಚುವುದೂ ಬೇಡ. ದಾಸವಾಳ, ಬೆಂಡಿ, ಹತ್ತಿ ಮೂರೂ ಒಂದೇ ಕುಟುಂಬದವು. ಒಂದಕ್ಕೆ ಬಂದ ಬಿಳಿ ಹಿಟ್ಟು ತಿಗಣೆ ಇನ್ನೊಂದಕ್ಕೆ ಹತ್ತುತ್ತದೆ. ಟೊಂಗೆಯ ಮೇಲೆ ಇರುವೆ ಸಾಲು ಕಂಡರೆ ತಿಗಣೆ ಎಲ್ಲೋ ಇದೆ ಎಂದೇ ತಿಳಿಯಿರಿ. ಮುತ್ತಿದ ತುದಿಗಳನ್ನು ಕತ್ತರಿಸಿ ಸುಡಿ. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಕಲಸಿ, ಎಲೆಯ ಅಡಿಗೂ ತಾಗುವಂತೆ ಸಂಜೆ ಹೊತ್ತು ಹೊಡೆಯಿರಿ. ವಾರಕ್ಕೊಮ್ಮೆಯಂತೆ ಮೂರು ಸಲ.

ಪ್ರಶ್ನೆ: ದುಂಡುಮಲ್ಲಿಗೆಯ ಹೊಸ ಎಲೆಗಳೆಲ್ಲ ಹಳದಿ. ಬೂದಿ, ಮೊಟ್ಟೆ ಸಿಪ್ಪೆ ಹಾಕಿದರೂ ಗುಣವಿಲ್ಲ. ಬೋರಿನ ನೀರು ಹಾಕುತ್ತೇವೆ.
– ಓದುಗರು, ಗದಗ

ಉತ್ತರ: ಬೂದಿ, ಮೊಟ್ಟೆ ಸಿಪ್ಪೆ ಎರಡನ್ನೂ ಇಂದೇ ನಿಲ್ಲಿಸಿ. ಸುಣ್ಣದಂಶವಿರುವ ಎರಿ ಮಣ್ಣಿಗೆ ಅವು ಇನ್ನಷ್ಟು ಕ್ಷಾರ ಕೂಡಿಸುತ್ತವೆ, ಗಡಸು ಬೋರಿನ ನೀರೂ ಅದೇ ಕೆಲಸ ಮಾಡುತ್ತದೆ. ಹಳದಿ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ನರಗಳು ಮಾತ್ರ ಹಸಿರಾಗಿ ಬಲೆಯಂತೆ ಕಂಡರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಕ್ಷಾರದಲ್ಲಿ ಅದು ಕರಗದೆ ಬೇರಿಗೆ ಸಿಗುವುದಿಲ್ಲ. ಹಾಗಾಗಿ ಔಷಧ ಎಲೆಗೇ ಕೊಡಬೇಕು. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಹದಿನೈದು ದಿನಕ್ಕೊಮ್ಮೆ ಸಿಂಪಡಿಸಿ, ಎಲೆ ಹಸಿರಾಗುವವರೆಗೆ. ಅನ್ನಭೇದಿ ತಿಳಿ ಹಸಿರಾಗಿರಬೇಕು. ತುಕ್ಕಿನ ಬಣ್ಣಕ್ಕೆ ತಿರುಗಿದ್ದು ಪ್ರಯೋಜನಕ್ಕಿಲ್ಲ. ಕಲಸಿದ್ದನ್ನು ಅಂದೇ ಬಳಸಿ. ಟೈಲ್ಸ್ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ, ಮೊದಲು ಗೋಣಿಚೀಲ ಹಾಸಿ.

ಹೊಸ ಎಲೆ ಹಸಿರಿದ್ದು ಕೆಳಗಿನ ಹಳೆಯ ಎಲೆಗಳು ಹಳದಿಯಾಗುತ್ತಿದ್ದರೆ ಅದು ಬೇರೆ ಕಥೆ: ಒಂದೋ ಗೊಬ್ಬರ ಸಾಲದು, ಇಲ್ಲವೇ ಬುಡದಲ್ಲಿ ನೀರು ನಿಂತಿದೆ.

ಪ್ರಶ್ನೆ: ಎರಡೂ ಗಿಡ ಅಕ್ಕಪಕ್ಕ ಇವೆ. ಎರಡರಲ್ಲೂ ಮೊಗ್ಗು ಅರಳುವ ಮೊದಲೇ ಉದುರುತ್ತಿವೆ. ಮಲ್ಲಿಗೆ ಮೊಗ್ಗು ನೇರಳೆಯಾಗುತ್ತದೆ.
– ಓದುಗರು, ಧಾರವಾಡ

ಉತ್ತರ: ಉದುರಿದ ದಾಸವಾಳದ ಮೊಗ್ಗೊಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಬಿಳಿ ತಟ್ಟೆಯಲ್ಲಿಡಿ. ಎಳ್ಳಿಗಿಂತ ಸಣ್ಣ, ಬಿಳಿ–ಹಳದಿ ಹುಳುಗಳು ಕಂಡರೆ, ಕೆಲವು ಟಣ್ಣನೆ ಜಿಗಿದರೆ, ಅದು ಮೊಗ್ಗು ನೊಣದ ಮರಿ. ಸೊಳ್ಳೆಯಂಥ ಈ ಪುಟ್ಟ ನೊಣ ಮಲ್ಲಿಗೆ, ದಾಸವಾಳ ಎರಡರ ಮೊಗ್ಗಿನಲ್ಲೂ ಮೊಟ್ಟೆಯಿಡುತ್ತದೆ. ನಿಮ್ಮ ಗಿಡಗಳು ಒಂದಕ್ಕೊಂದು ಹುಳು ದಾಟಿಸುತ್ತಿವೆ. ಹುಳು ಮೊಗ್ಗಿನೊಳಗೆ ಇರುವುದರಿಂದ ಮೇಲಿಂದ ಹೊಡೆದ ಔಷಧ ತಲುಪುವುದಿಲ್ಲ. ಬಲಿತ ಮೇಲೆ ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಅಲ್ಲಿಯೇ ಹಿಡಿಯಬೇಕು. ಉದುರಿದ ಮೊಗ್ಗುಗಳನ್ನು, ಗಿಡದಲ್ಲೇ ಬಣ್ಣಗೆಟ್ಟವನ್ನೂ, ದಿನಾ ಆರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಬುಡದ ಎರಡಂಗುಲ ಮಣ್ಣು ಕೆದಕಿ ಗಿಡಕ್ಕೆ 100 ಗ್ರಾಂ ಬೇವಿನ ಹಿಂಡಿ ಬೆರೆಸಿ. ಇದನ್ನು ಒಂದು ತಿಂಗಳು ಬಿಡದೆ ಮಾಡಬೇಕು, ನಾಲ್ಕು ದಿನ ಮಾಡಿ ಬಿಟ್ಟರೆ ಮಾಡದಂತೆಯೇ. ಸೀಳಿದ ಮೊಗ್ಗಿನಲ್ಲಿ ಹುಳು ಇಲ್ಲದಿದ್ದರೆ ಮಾರ್ಚ್–ಏಪ್ರಿಲ್‌ನ ಒಣ ಗಾಳಿ, ನೀರಿನ ಏರುಪೇರು ಕಾರಣ.

ಮಲ್ಲಿಗೆ ಮೊಗ್ಗುಗಳು ಗೊಂಚಲಲ್ಲೇ ನೂಲಿನಿಂದ ಹೆಣೆದಂತಾಗಿ ತೂತು ಬಿದ್ದಿದ್ದರೆ ಅದು ಮೊಗ್ಗು ಕೊರೆಯುವ ಹಸಿರು ಹುಳು. ಅಂಥ ಗೊಂಚಲನ್ನು ಕೈಯಿಂದಲೇ ಕಿತ್ತು ಹಾಕಿ.

ಪ್ರಶ್ನೆ: ದಾಸವಾಳದ ಹೂವಿನಿಂದ ಚಹಾ, ತಲೆಗೆ ಎಣ್ಣೆ ಮಾಡುವ ಕ್ರಮ ತಿಳಿಸಿ. ಮಲ್ಲಿಗೆ ಬಹಳ ಹೊತ್ತು ಬಾಡದಂತೆ ಇಡುವುದು ಹೇಗೆ?
– ಓದುಗರು, ಹಾವೇರಿ

ಉತ್ತರ: ಅಂಗಡಿಯಲ್ಲಿ ‘ಹೈಬಿಸ್ಕಸ್ ಟೀ’ ಎಂದು ಸಿಗುವುದು ಹೆಚ್ಚಾಗಿ ನಮ್ಮ ಹಿತ್ತಲ ದಾಸವಾಳವಲ್ಲ. ಅದು ಪುಂಡಿ ಪಲ್ಲೆಯ ಬಳಗದ ಗಿಡದ ಹೂವಿನ ಕೆಳಗಿರುವ ಹುಳಿಯಾದ ಕೆಂಪು ಕವಚ. ಹಿತ್ತಲ ಕೆಂಪು ದಾಸವಾಳಕ್ಕೆ ಆ ಹುಳಿ ಇಲ್ಲ. ಎರಡು ಹೂವಿನ ಎಸಳಿಗೆ ಒಂದು ಲೋಟ ಕುದಿನೀರು ಸುರಿದು ಐದು ನಿಮಿಷ ಮುಚ್ಚಿಟ್ಟರೆ ನೀರು ನೇರಳೆಯಾಗುತ್ತದೆ, ನಿಂಬೆ ಹಿಂಡಿದ ಕೂಡಲೇ ಕೆಂಪು. ಗರ್ಭಿಣಿಯರು ವೈದ್ಯರನ್ನು ಕೇಳದೆ ಕುಡಿಯಬಾರದು. ನರ್ಸರಿಯಿಂದ ಆಗಷ್ಟೇ ತಂದ ಗಿಡದ ಹೂವನ್ನೂ ಬಳಸಬೇಡಿ, ಔಷಧ ಹೊಡೆದಿರುತ್ತಾರೆ.

ತಲೆಗಾದರೆ ಎಣ್ಣೆಗಿಂತ ಎಲೆಯೇ ಸುಲಭ: ಹತ್ತು ಎಲೆ ನೀರಲ್ಲಿ ಕಿವುಚಿ ಸೋಸಿದ ಲೋಳೆ ಕೂದಲಿಗೆ ಸೀಗೆಕಾಯಿಯಷ್ಟು ಒರಟಲ್ಲ. ಎಣ್ಣೆಯೇ ಬೇಕೆಂದರೆ ಹೂವನ್ನು ಎರಡು ದಿನ ನೆರಳಿನಲ್ಲಿ ಒಣಗಿಸಿ. ಕಾಲು ಲೀಟರ್ ಕೊಬ್ಬರಿ ಎಣ್ಣೆಗೆ ಆರು ಹೂ, ಎಂಟು ಎಲೆ ಹಾಕಿ ಸಣ್ಣ ಉರಿಯಲ್ಲಿ ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸಿ. ಸದ್ದು ಇದೆ ಎಂದರೆ ನೀರಿನಂಶ ಇದೆ, ಅದು ಉಳಿದರೆ ಎಣ್ಣೆ ಕಮಟುತ್ತದೆ.

ಮಲ್ಲಿಗೆಯನ್ನು ಬೆಳಿಗ್ಗೆ ಬಿಸಿಲೇರುವ ಮೊದಲು, ಬಲಿತ ಬಿಳಿ ಮೊಗ್ಗಾಗಿದ್ದಾಗಲೇ ಬಿಡಿಸಿ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಅಥವಾ ಬಾಳೆ ಎಲೆಯಲ್ಲಿ ಸುತ್ತಿಟ್ಟರೆ ಸಂಜೆ ಮುಡಿಯುವ ಹೊತ್ತಿಗೆ ಅರಳುತ್ತದೆ. ನೀರು ಚಿಮುಕಿಸಿದರೆ ಎಸಳು ಕಂದುತ್ತದೆ.