ಮಳೆಗಾಲದಲ್ಲಿ ಕಯಾಕ್ ಕಟ್ಟಬಹುದಾ? ಕಟ್ಟಿ, ಆದರೆ ಅಂಟು ಮಾತ್ರ ಕಲಸಬೇಡಿ

ನೀವು ದುಡ್ಡು ಕೊಟ್ಟು ಕಯಾಕ್, ಅಂದರೆ ಹುಟ್ಟು ಹಾಕುವ ಕಿರಿದಾದ ಪುಟ್ಟ ದೋಣಿ ಕಟ್ಟುವ ಪ್ಲಾನ್ ತರಿಸಿದ್ದೀರಿ, ಮನೆ ಸೋಮವಾರಪೇಟೆ ಕಡೆ. ಜೋರು ಮಳೆಗೆ ತೋಟದ ಕೆಲಸ ನಿಲ್ಲುತ್ತದೆ, ಕಾಫಿ ಗೋಡೌನ್ ಖಾಲಿ ಇರುತ್ತದೆ, ಹಾಗಾಗಿ ಜೂನ್‌ನಲ್ಲಿ ಶುರು ಮಾಡಿ ಮಳೆಗಾಲ ಮುಗಿಯುವಷ್ಟರಲ್ಲಿ ಮರದ ಕಯಾಕ್ ರೆಡಿ ಮಾಡಬಹುದಾ ಅಂತ ಕೇಳಿದ್ದೀರಿ. ನಾನು ಸಿದ್ದಾಪುರದ ಹತ್ತಿರ ಇರುವವನು, ನಾನೂ ಇದೇ ಲೆಕ್ಕ ಹಾಕಿದ್ದೆ. ಆ ಲೆಕ್ಕ ತಪ್ಪು. ಕಯಾಕ್ ಖಂಡಿತ ಕಟ್ಟಬಹುದು, ಆದರೆ ಅಂಟಿನ ಕೆಲಸ ಮಾರ್ಚ್‌ನಿಂದ ಮೇ ಒಳಗೆ ಮುಗಿಯಬೇಕು.

ಯಾಕೆ ಅಂತ ಹೇಳುತ್ತೇನೆ. ನಿಮ್ಮ ಪ್ಲಾನ್ ಹೊಲಿದು ಅಂಟಿಸುವ ವಿಧಾನದ್ದು ಅಂದುಕೊಂಡಿದ್ದೇನೆ, ಮನೆಯಲ್ಲಿ ಕಟ್ಟುವವರು ಹೆಚ್ಚಾಗಿ ಕೊಳ್ಳುವುದು ಅದನ್ನೇ. 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮಿರರ್ ಅನ್ನುವ ಪುಟ್ಟ ಹಾಯಿದೋಣಿಯನ್ನು ಜನ ಮನೆಯಲ್ಲೇ ಹೀಗೆ ಕಟ್ಟಿಕೊಂಡರು. 4 ಎಂಎಂ ಪ್ಲೈವುಡ್ಡನ್ನು ಪ್ಲಾನ್ ಪ್ರಕಾರ ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ಅಂಚಿನಲ್ಲಿ ಸಣ್ಣ ತೂತು ಕೊರೆದು, ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿಯುವುದು. ಆಮೇಲೆ ಒಳಗಿನ ಸಂದಿಗೆ ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ಮತ್ತು ಮರದ ಹುಡಿ ಕಲಸಿದ ಪೇಸ್ಟ್ ತುಂಬಿ, ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ, ಅದಕ್ಕೆ ಎಪಾಕ್ಸಿ ಕುಡಿಸುವುದು. ಒಳಗೆ ಅಸ್ಥಿಪಂಜರ ಅಂತ ಏನೂ ಇಲ್ಲ. ದೋಣಿಯನ್ನು ಹಿಡಿದಿರುವುದೇ ಆ ಅಂಟು.

ನಮ್ಮ ಕೊಡಗಿನ ಹವೆಗೆ ಆಗದಿರುವುದೂ ಅದೇ. ಎಪಾಕ್ಸಿಯ ಹಾರ್ಡ್‌ನರ್, ಅಂದರೆ ಅದನ್ನು ಗಟ್ಟಿ ಮಾಡಲು ಸೇರಿಸುವ ದ್ರವ, ಒಣಗುವಾಗ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿದರೆ ಮೇಲೆ ಜಿಡ್ಡಿನ ಪೊರೆಯೊಂದು ಕಟ್ಟುತ್ತದೆ. ನಾನು ಜೂನ್ ಎರಡನೇ ವಾರ ಒಳಗಿನ ಮೊದಲ ಕೋಟ್ ಹಚ್ಚಿದೆ. ಹೊರಗೆ ಧೋ ಅಂತ ಮಳೆ. ಗೋಡೌನ್ ಬೆಚ್ಚಗಿರಲಿ ಅಂತ ಕಬ್ಬಿಣದ ಬಾಣಲೆಯಲ್ಲಿ ಕೆಂಡ ತುಂಬಿ ದೋಣಿಯ ಪಕ್ಕ ಇಟ್ಟೆ, ಮನೆಯಲ್ಲಿ ಬಟ್ಟೆ ಒಣಗಿಸಲು ಇಡುತ್ತೇವಲ್ಲ, ಹಾಗೆ. ಬೆಳಿಗ್ಗೆ ಕೈ ಇಟ್ಟು ನೋಡಿದರೆ ತುಪ್ಪ ಸವರಿದ ಹಾಗೆ ಜಾರುತ್ತಿತ್ತು. ಕೆಂಡದಿಂದ ಬಂದ ಗಾಳಿಯೇ ಪೊರೆಯನ್ನು ಜಾಸ್ತಿ ಮಾಡಿತ್ತು, ಅದು ಆಗ ಗೊತ್ತಿರಲಿಲ್ಲ. ತೊಳೆಯದೆ ಅದರ ಮೇಲೇ ಎರಡನೇ ಕೋಟ್ ಹಚ್ಚಿದೆ. ಹತ್ತು ದಿನ ಆದಮೇಲೆ ಉಗುರು ಹಾಕಿ ಎಬ್ಬಿಸಿದರೆ ಹಾಲಿನ ಕೆನೆಯ ಥರ ಎದ್ದು ಬಂತು. ಅಷ್ಟನ್ನೂ ಉಜ್ಜಿ ತೆಗೆಯಲು ಒಂದು ತಿಂಗಳು ಹಿಡಿಯಿತು.

ಪೊರೆ ಬಂದರೆ ಗಾಬರಿ ಬೇಡ, ಅದು ನೀರಿಗೆ ಹೋಗುತ್ತದೆ. ಪೂರ್ತಿ ಗಟ್ಟಿಯಾದಮೇಲೆ ಶುದ್ಧ ನೀರು, ಪಾತ್ರೆ ತಿಕ್ಕುವ ಸ್ಕ್ರಬ್ಬರ್ ತಗೊಂಡು ಚೆನ್ನಾಗಿ ತೊಳೆದು ಒರೆಸಿ, ಆಮೇಲಷ್ಟೇ ಉಪ್ಪುಕಾಗದ ಹಿಡಿಯಿರಿ. ಮೊದಲೇ ಉಜ್ಜಿದರೆ ಜಿಡ್ಡು ಎಲ್ಲಾ ಕಡೆ ಹರಡಿಕೊಳ್ಳುತ್ತದೆ.

ಬೇಸಿಗೆಯಲ್ಲೂ ಹೊತ್ತು ನೋಡಿ ಹಚ್ಚಬೇಕು. ಬೆಳಿಗ್ಗೆ ಹಚ್ಚಿದರೆ ಬಿಸಿಲೇರುತ್ತಾ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆ ಬರುತ್ತದೆ. ತೀರಾ ಸಂಜೆ ಆದರೆ ಇಬ್ಬನಿ. ನನಗೆ ಸರಿಹೋದದ್ದು ಮಧ್ಯಾಹ್ನ ಮೂರರ ಸುಮಾರಿಗೆ. ಹಚ್ಚಿ ಮುಗಿಸಿ, ಟಾರ್ಪಾಲಿನ ಗುಡಾರ ಮಾಡಿ, ದೋಣಿಗೂ ಟಾರ್ಪಾಲಿಗೂ ತಾಗದ ಹಾಗೆ ಒಳಗೆ ಎರಡು ಹಳೇ 100 ವ್ಯಾಟ್ ಬಲ್ಬ್ ಇಳಿಬಿಡುತ್ತಿದ್ದೆ. ಎಪಾಕ್ಸಿಯನ್ನು ಮಗ್‌ನಲ್ಲಿ ಕಲಸಿ ಹಾಗೇ ಬಿಡಬೇಡಿ, ತನ್ನಷ್ಟಕ್ಕೆ ಕಾದು ಹೊಗೆ ಬರುತ್ತದೆ. ಅಗಲ ತಟ್ಟೆಗೆ ಸುರಿದುಕೊಳ್ಳಿ. ಗ್ಲೌಸ್ ಇಲ್ಲದೆ ಮುಟ್ಟಲೇಬೇಡಿ, ಒಮ್ಮೆ ಚರ್ಮಕ್ಕೆ ಅಲರ್ಜಿ ಹತ್ತಿದರೆ ಮತ್ತೆ ಎಪಾಕ್ಸಿ ಹತ್ತಿರ ಹೋಗಲಾಗುವುದಿಲ್ಲ.

ಇನ್ನು ಪ್ಲೈವುಡ್. ಪ್ಲಾನ್‌ನಲ್ಲಿ ಒಕುಮೆ ಅಂತ ಇರುತ್ತದೆ, ಅದು ಹಗುರವಾದ ಆಫ್ರಿಕಾದ ಮರ. ನಾನು ತಂದದ್ದು ಐಎಸ್ 710 ಅನ್ನುವ ಭಾರತೀಯ ಮಾನದಂಡದ ಗುರುತಿನ ಮೆರೀನ್ ಪ್ಲೈ (ನೀರು ತಡೆಯುವ ಪ್ಲೈವುಡ್), 8 ಅಡಿಗೆ 4 ಅಡಿಯ ಮೂರು ಶೀಟ್, ಒಂದೊಂದೂ ಸುಮಾರು 8 ಕೆಜಿ. ದೋಣಿ ಪ್ಲಾನ್‌ನಲ್ಲಿ ಹೇಳಿದ್ದಕ್ಕಿಂತ ತೂಕ ಬಂತು, ಆದರೂ ಇಬ್ಬರು ಆರಾಮಾಗಿ ಎತ್ತುತ್ತೇವೆ. ಗುರುತು ನೋಡಿ ಸುಮ್ನೆ ನಂಬಬೇಡಿ. ಅಂಗೈ ಅಗಲದ ತುಂಡನ್ನು ಬಚ್ಚಲ ಹಂಡೆಯಲ್ಲಿ ಮೂರು ದಿನ ಕುದಿಸಿ. ನಾನು ಮೊದಲು ತಂದ ಸ್ಯಾಂಪಲ್ ಎರಡನೇ ದಿನವೇ ಪುಸ್ತಕದ ಹಾಳೆಯ ಥರ ಬಿಚ್ಚಿಕೊಂಡಿತ್ತು, ಅಂಗಡಿ ಬದಲಾಯಿಸಿದೆ. ತೋಟದ ಸಿಲ್ವರ್ ಓಕ್ ಆಗುತ್ತದಾ ಅಂತಲೂ ಕೇಳಿದ್ದಿರಿ. ಆಕಾರಕ್ಕೆ ತಾತ್ಕಾಲಿಕವಾಗಿ ಇಡುವ ಅಚ್ಚುಗಳಿಗೆ ಬಳಸಿ, ದೋಣಿಗೆ ಬೇಡ, ತೇವಕ್ಕೆ ಬಾಳಿಕೆ ಬರುವ ಮರ ಅಲ್ಲ ಅದು.

8 ಅಡಿ ಶೀಟಿನಿಂದ 16 ಅಡಿ ಪಟ್ಟಿ ಬರಬೇಕಾದರೆ ತುದಿಗಳನ್ನು ಓರೆಯಾಗಿ ಕೆತ್ತಿ ಒಂದರ ಮೇಲೊಂದು ಕೂರಿಸಿ ಅಂಟಿಸಬೇಕು. ಓರೆ ದಪ್ಪದ ಎಂಟರಷ್ಟು, ಅಂದರೆ 32 ಎಂಎಂ. ಇದಕ್ಕೆ ನಮ್ಮ ಆಚಾರಿಯನ್ನು ಕರೆದೆ. ಶೀಟುಗಳನ್ನು ಮೆಟ್ಟಿಲಿನ ಹಾಗೆ ಜೋಡಿಸಿ, ಒಟ್ಟಿಗೇ ಹತ್ತರಿ ಹೊಡೆದರು. ಕೆತ್ತುತ್ತಾ ಹೋದ ಹಾಗೆ ಪ್ಲೈನ ಪದರಗಳು ಕಂದು, ತಿಳಿ, ಕಂದು ಅಂತ ಗೆರೆಯಾಗಿ ಕಾಣುತ್ತವೆ. ಆ ಗೆರೆ ನೇರ ಇದ್ದರೆ ಓರೆ ಸರಿ ಇದೆ, ಎಲ್ಲಿ ಡೊಂಕಾಯಿತೋ ಅಲ್ಲಿ ಒತ್ತಡ ಜಾಸ್ತಿ ಬಿದ್ದಿದೆ. ನಾಲ್ಕು ಸಲ ನೋಡಿದ ಮೇಲೆ ನನಗೂ ಕೈ ಕೂತಿತು.

ತಾಮ್ರದ ತಂತಿ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಸೆಂಟ್ರಿಂಗ್‌ನವರ ಕಬ್ಬಿಣದ ಬೈಂಡಿಂಗ್ ವೈರ್ ಬೇಡ, ತುಂಡು ಒಳಗೇ ಉಳಿದರೆ ತುಕ್ಕು ಹಿಡಿಯುತ್ತದೆ. ಎಲ್ಲ ಮುಗಿದ ಮೇಲೆ ಬಿಸಿಲು ತಡೆಯುವ ವಾರ್ನಿಷ್ ಹೊಡೆಯಲೇಬೇಕು, ಬರೀ ಎಪಾಕ್ಸಿ ಬಿಸಿಲಿಗೆ ಕೆಡುತ್ತದೆ.

ನೀರಿಗೆ ಇಳಿಸುವುದು ಮೊದಲು ತೋಟದ ಕೆರೆಯಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡು, ದಡದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು. ಆನೆ ಓಡಾಡುವ ಕಡೆ ಆದರೆ ಬಿಸಿಲೇರಿದ ಮೇಲೆ ಹೋಗಿ. ಹಾರಂಗಿ ಹಿನ್ನೀರಿನ ಆಸೆ ನನಗೂ ಇದೆ, ಆದರೆ ಅನುಮತಿ ಕೇಳದೆ ಇಳಿಸಬೇಡಿ. ಬಂಡೆಗಳ ನಡುವೆ ರಭಸವಾಗಿ ಹರಿಯುವ ಬರಪೊಳೆ ನದಿಗಂತೂ ಈ ದೋಣಿ ಅಲ್ಲವೇ ಅಲ್ಲ. ಅಲ್ಲಿ ರಬ್ಬರ್ ರಾಫ್ಟ್ ಬಂಡೆಗೆ ಬಡಿದು ಪುಟಿಯುತ್ತದೆ, 4 ಎಂಎಂ ಪ್ಲೈ ಒಡೆಯುತ್ತದೆ.

ಈ ಮಳೆಗಾಲಕ್ಕೂ ಕೆಲಸ ಇದೆ. ಪ್ಲಾನನ್ನು ದೊಡ್ಡ ಹಾಳೆಗೆ ಪ್ರಿಂಟ್ ಹಾಕಿಸಿ, ಅಳತೆ ಗೆರೆಯನ್ನು ಅಲ್ಲೇ ಟೇಪ್ ಇಟ್ಟು ನೋಡಿ. ನೂರಕ್ಕೆ ಒಂದರಷ್ಟು ಕುಗ್ಗಿದ್ದರೂ 16 ಅಡಿಗೆ ಸುಮಾರು 2 ಇಂಚು ಹೋಗುತ್ತದೆ. ಆಮೇಲೆ ಎಂಟರಲ್ಲಿ ಒಂದು ಅಳತೆಗೆ ರಟ್ಟಿನಲ್ಲಿ 2 ಅಡಿಯ ಮಾದರಿ ಕತ್ತರಿಸಿ, ಸೂಜಿ ದಾರದಲ್ಲಿ ಹೊಲಿಯಿರಿ. ಯಾವ ಪಟ್ಟಿ ಎಲ್ಲಿ ತಿರುಗುತ್ತದೆ ಅನ್ನುವುದು ಕೈಗೆ ಗೊತ್ತಾಗುತ್ತದೆ. ನಿಮ್ಮ ತೂಕ ಎಷ್ಟು, ಪ್ಲಾನ್ ಎಷ್ಟು ಅಡಿಯದ್ದು ಅಂತ ಬರೆಯಿರಿ, ನಮ್ಮ ಪ್ಲೈಗೆ ಹೊಂದುತ್ತದಾ ನೋಡಿ ಹೇಳುತ್ತೇನೆ.