ಟೆಂಪೋ, ಇಂಟರ್ವಲ್ ಎರಡಕ್ಕೂ ಒಂದೇ ಶೂ ಸಾಕಾ? ಕೊಳ್ಳುವ ಮುಂಚೆ ಏನು ನೋಡಬೇಕು?

ನೀವು ಬರೆದದ್ದು ಇಷ್ಟು: ದಾವಣಗೆರೆಯಿಂದ ಮುಂಬೈನ ಮುಲುಂಡ್‌ಗೆ ಬಂದು ಒಂದು ವರ್ಷ ಆಯಿತು, ವಾರಕ್ಕೆ ನಾಲ್ಕು ದಿನ ಓಡುತ್ತೀರಿ, 10 ಕಿಲೋಮೀಟರ್‌ಗೆ 58 ನಿಮಿಷ. ಜನವರಿಯಲ್ಲಿ ಮುಂಬೈ ಹಾಫ್ ಮ್ಯಾರಥಾನ್ (21 ಕಿಲೋಮೀಟರ್) ಇದೆ. ಟೆಂಪೋ (ಒಂದೇ ಗಟ್ಟಿ ವೇಗದಲ್ಲಿ ಬಿಡದೆ ಓಡುವುದು), ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಸ್ವಲ್ಪ ಸ್ವಲ್ಪ ದೂರ ಜೋರಾಗಿ ಓಡುವುದು), ಹೀಗೆ ವೇಗದ ದಿನಗಳಿಗೆಲ್ಲ ಆಗುವ ಒಂದೇ ಶೂ ಬೇಕು. ಅಡಿಡಾಸ್ ಬೋಸ್ಟನ್ 12, ಸಕೋನಿ ಎಂಡಾರ್ಫಿನ್ ಸ್ಪೀಡ್ 4, ಎಸಿಕ್ಸ್ ನೋವಾಬ್ಲಾಸ್ಟ್ ಮೂರರ ನಡುವೆ ಸಿಕ್ಕಿಕೊಂಡಿದ್ದೀರಿ.

ನಾನು ಕೋಚ್ ಅಲ್ಲ. ಮಾಟುಂಗದಲ್ಲಿ ಮನೆ, ಹನ್ನೊಂದು ವರ್ಷದಿಂದ ಶಿವಾಜಿ ಪಾರ್ಕ್ ಸುತ್ತುತ್ತಿದ್ದೇನೆ, ಶೂಗೆ ದುಡ್ಡು ಸುರಿದು ಬೈಸಿಕೊಂಡಿದ್ದೇನೆ. ಆ ಅನುಭವದಲ್ಲಿ ಒಂದೇ ಮಾತು ಹೇಳ್ತೀನಿ: ವೇಗದ ಶೂವನ್ನು ಮೊದಲು ನಿಧಾನವಾಗಿ ಓಡಿ ನೋಡಿ.

ನಿಮ್ಮದೇ ಲೆಕ್ಕ ತೆಗೆದುಕೊಳ್ಳಿ. 58 ನಿಮಿಷ ಅಂದರೆ ಕಿಲೋಮೀಟರ್‌ಗೆ 5:48. ಟೆಂಪೋ ದಿನ ಎರಡು ಕಿಲೋಮೀಟರ್ ಮೈ ಬಿಸಿ ಮಾಡ್ತೀರಿ, ನಾಲ್ಕೋ ಐದೋ ಕಿಲೋಮೀಟರ್ ಗಟ್ಟಿಯಾಗಿ ಓಡ್ತೀರಿ, ಆಮೇಲೆ ಎರಡು ಕಿಲೋಮೀಟರ್ ಕಾಲೆಳೆದುಕೊಂಡು ವಾಪಸ್. ನಿಧಾನದ ಕಿಲೋಮೀಟರ್‌ಗೆ ಏಳು ನಿಮಿಷ ಹಿಡಿದರೆ, ಆ ಬೆಳಿಗ್ಗೆಯ ಅರ್ಧಕ್ಕರ್ಧ ಹೊತ್ತು ನೀವು ವೇಗವಾಗಿ ಓಡುತ್ತಲೇ ಇಲ್ಲ! ಆ ಅರ್ಧದಲ್ಲಿ ಕಾಟ ಕೊಡದ ಶೂಗೆ ಮಾತ್ರ ಎಲ್ಲಕ್ಕೂ ಆಗುವ ಶೂ ಅನ್ನಬಹುದು.

ನನಗೆ ಇದು ತಡವಾಗಿ ಗೊತ್ತಾಯಿತು. ಸೇಲ್‌ನಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಅಂತ ಕಾರ್ಬನ್ ಪ್ಲೇಟ್, ಅಂದರೆ ತಳದೊಳಗೆ ಬಿಗಿಯಾದ ತೆಳು ಹಾಳೆ, ಇರುವ ರೇಸ್ ಶೂ ತಂದೆ. ಕಂಪನಿಯ ಹೆಸರು ಬೇಡ, ತಪ್ಪು ನನ್ನದೇ. ಕಿಲೋಮೀಟರ್‌ಗೆ ಐದು ನಿಮಿಷದ ಪೇಸ್‌ನಲ್ಲಿ ಓಡಿದರೆ ಸೊಗಸು. ಆರೂವರೆಗೆ ಇಳಿದ ಕೂಡಲೇ ಹಲಗೆ ಮೇಲೆ ನಿಂತ ಹಾಗೆ. ಎರಡನೇ ವಾರ ಪಾರ್ಕಿನ ಮೂಲೆಯಲ್ಲಿ ಕ್ರಿಕೆಟ್ ಕಿಟ್ ಹೊತ್ತ ಹುಡುಗನೊಬ್ಬ ಅಡ್ಡ ಬಂದ. ತಪ್ಪಿಸಲು ತಿರುಗಿದೆ, ಪಾದ ಹೊರಕ್ಕೆ ಮಗುಚಿತು. ಕಟ್ಟೆ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದಾಗ ಜೊತೆಗಿದ್ದ ಕುಂದಾಪುರದ ಗೆಳೆಯ ಶೂ ಕಡೆ ನೋಡಿ, "ಮಾರಾಯ, ಇದು ಶೂ ಅಲ್ಲ, ಮರಗಾಲು" ಅಂದ. ಮೂರು ವಾರ ಓಟ ಬಂದ್.

ಹಾಗಂತ ಪ್ಲೇಟ್ ಕೆಟ್ಟದ್ದಲ್ಲ. ಅದು ಸ್ಪ್ರಿಂಗ್ ಥರ ಎತ್ತಿ ಎಸೆಯುತ್ತದೆ ಅಂತ ಸುಮ್ನೆ ಹೇಳ್ತಾರೆ. ಹೆಚ್ಚಿನ ಪುಟಿತ ಬರುವುದು ಫೋಮ್‌ನಿಂದ. ಮೆತ್ತನೆಯ ಫೋಮ್‌ಗೆ ಪ್ಲೇಟ್ ಬಿಗಿ ಕೊಡುತ್ತದೆ, ಮುಂಗಾಲು ಜಾಸ್ತಿ ಮಡಚದ ಹಾಗೆ ತಡೆಯುತ್ತದೆ. ತಳ ತೊಟ್ಟಿಲ ಕಾಲಿನ ಹಾಗೆ ಮುಂದೆ ಮೇಲಕ್ಕೆ ಬಾಗಿರುವುದರಿಂದ ಪಾದ ಉರುಳಿಕೊಂಡು ಹೋಗುತ್ತದೆ. ಆದರೆ ತಳ ದಪ್ಪ ಆದಷ್ಟೂ ಪಾದ ನೆಲದಿಂದ ಮೇಲೆ, ಓಲಾಟ ಜಾಸ್ತಿ. ರಸ್ತೆ ಓಟಕ್ಕೆ ತಳ 40 ಮಿಲಿಮೀಟರ್ ಮೀರಬಾರದು, ಒಂದಕ್ಕಿಂತ ಹೆಚ್ಚು ಪ್ಲೇಟ್ ಇರಬಾರದು ಎಂದು ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ 2020ರಲ್ಲಿ ನಿಯಮ ತಂದದ್ದು ದೊಡ್ಡ ಓಟಗಾರರಿಗೆ.

ನೀವು ಹೇಳಿದ ಮೂರೂ ಬೇರೆ ಬೇರೆ ಜಾತಿಯವು. ಬೋಸ್ಟನ್ 12ರಲ್ಲಿ ಪೂರ್ತಿ ಪ್ಲೇಟ್ ಇಲ್ಲ, ಬೆರಳುಗಳ ಸಾಲಿನ ಹಾಗೆ ಗ್ಲಾಸ್ ಫೈಬರ್ ಕಡ್ಡಿಗಳಿವೆ. ಮೇಲೆ ಪುಟಿಯುವ ಫೋಮ್, ಕೆಳಗೆ ಅದಕ್ಕಿಂತ ಗಟ್ಟಿ ಫೋಮ್, ಅಡಿಯಲ್ಲಿ ಟೈರ್ ಕಂಪನಿ ಕಾಂಟಿನೆಂಟಲ್‌ನ ರಬ್ಬರ್. ಗಟ್ಟಿಮುಟ್ಟಾದ ಕೆಲಸದ ಶೂ, ಉದ್ದ ಟೆಂಪೋಗೆ ಹೇಳಿ ಮಾಡಿಸಿದ್ದು. ನಿಧಾನದ ಓಟಕ್ಕೆ ಮಾತ್ರ ನನ್ನ ಕಾಲಿಗೆ ತುಸು ಬಿಗಿ. ಎಂಡಾರ್ಫಿನ್ ಸ್ಪೀಡ್‌ನಲ್ಲಿ ಪೀಬಾ ಅನ್ನುವ ಹಗುರವಾದ, ಪುಟಿಯುವ ಫೋಮ್, ಒಳಗೆ ಕಾರ್ಬನ್ ಬದಲು ನೈಲಾನ್ ಪ್ಲೇಟ್. ನೈಲಾನ್ ಬಾಗುತ್ತದೆ, ಅದಕ್ಕೇ ನಿಧಾನಕ್ಕೂ ಒಗ್ಗುತ್ತದೆ. ನೋವಾಬ್ಲಾಸ್ಟ್‌ಗೆ ಪ್ಲೇಟ್ ಇಲ್ಲವೇ ಇಲ್ಲ. ಮೂರರಲ್ಲಿ ದಿನನಿತ್ಯದ ಓಟಕ್ಕೆ ಹತ್ತಿರವಾದದ್ದು ಇದೇ. ಆದರೆ 400 ಮೀಟರ್ ಇಂಟರ್ವಲ್‌ನಲ್ಲಿ ಕಾಲು ಸ್ವಲ್ಪ ಹೂತ ಹಾಗೆ ಅನ್ನಿಸಬಹುದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಎಂಡಾರ್ಫಿನ್ ಸ್ಪೀಡ್ ಹಾಕಿ ನೋಡುತ್ತಿದ್ದೆ. ಅದು ಕಾಲಿಗೆ ಒಗ್ಗದಿದ್ದರೆ ನೋವಾಬ್ಲಾಸ್ಟ್. ಬೋಸ್ಟನ್ ಮೂರನೆಯದು, ಅದೂ ನಿಧಾನದ ದಿನಗಳಿಗೆ ಬೇರೆ ಶೂ ಇದ್ದರೆ ಮಾತ್ರ.

ಅಂಗಡಿಯಲ್ಲಿ ಹೆಬ್ಬೆರಳಿನಿಂದ ಫೋಮ್ ಒತ್ತಿ "ಸಾಫ್ಟ್ ಇದೆ" ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ಹೆಬ್ಬೆರಳು ಎಷ್ಟು ಭಾರ ಹಾಕೀತು? ಓಡುವಾಗ ಒಂದು ಕಾಲ ಮೇಲೆ ಮೈಯ ಭಾರದ ಎರಡು ಪಟ್ಟಿಗೂ ಮೀರಿ ಬೀಳುತ್ತದೆ. ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಓಡುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಎರಡೂ ಶೂ ತೊಟ್ಟು ಒಂದೇ ಕಾಲಲ್ಲಿ ಇಪ್ಪತ್ತು ಸೆಕೆಂಡ್ ನಿಲ್ಲಿ, ಆಮೇಲೆ ಇನ್ನೊಂದು ಕಾಲು. ಬರಿಗಾಲಲ್ಲಿ ನಿಂತದ್ದಕ್ಕಿಂತ ತೀರಾ ಜಾಸ್ತಿ ನಡುಗಿದರೆ ಅದು ನಿಮ್ಮ ಶೂ ಅಲ್ಲ. ಕಾಲ್ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಉಗುರಿನಷ್ಟು ಜಾಗ ಇರಲಿ. ಅರ್ಧ ಸೈಜ್ ಚಿಕ್ಕದು ತಂದು ಎರಡು ಉಗುರು ಕಪ್ಪಾಗಿಸಿಕೊಂಡವನು ಹೇಳುತ್ತಿದ್ದೇನೆ. ಬಿಲ್ಲಿನಲ್ಲಿ ಯುಕೆ ಸೈಜಾ, ಯುಎಸ್ ಸೈಜಾ ಅಂತ ಕಣ್ಣು ಬಿಟ್ಟು ನೋಡಿ, ನಾನು ಎಡವಿದ್ದು ಅಲ್ಲೇ.

ಅಂಗಡಿಯವರು ಬಿಟ್ಟರೆ ಹೊರಗೆ ನೂರು ಮೀಟರ್ ಓಡಿ. ಮೊದಲು ಆರಾಮಾಗಿ, ಆಮೇಲೆ ಜೋರಾಗಿ, ಕೊನೆಗೆ ತಟ್ಟನೆ ತಿರುಗಿ. ಕಿವಿಯನ್ನೂ ಕೆಲಸಕ್ಕೆ ಹಚ್ಚಿ. ನಿಧಾನವಾಗಿ ಓಡುವಾಗ ಪಟ್ ಪಟ್ ಅಂತ ಜಾಸ್ತಿ ಸದ್ದು ಬಂದರೆ ತಳ ನಿಮ್ಮ ಹೆಜ್ಜೆಗೆ ಹೊಂದಿಲ್ಲ ಅಂತ ನಾನು ಅಂದುಕೊಳ್ತೀನಿ. ಇದಕ್ಕೆ ಶಾಸ್ತ್ರದ ಆಧಾರ ಕೇಳಬೇಡಿ, ನನ್ನ ಗುಮಾನಿ ಅಷ್ಟೇ.

ತೂಕದ ಬಗ್ಗೆ ಜನ ಸಿಕ್ಕಾಪಟ್ಟೆ ತಲೆ ಕೆಡಿಸಿಕೊಳ್ತಾರೆ. ಒಂದೊಂದು ಶೂ 100 ಗ್ರಾಂ ಭಾರವಾದರೆ ಓಟಕ್ಕೆ ಬೇಕಾಗುವ ಶಕ್ತಿ ಸುಮಾರು ಶೇ. 1 ಹೆಚ್ಚುತ್ತದೆ. ಅಂದರೆ 30 ಗ್ರಾಂ ವ್ಯತ್ಯಾಸಕ್ಕೆ ನಿಮ್ಮ 58 ನಿಮಿಷದಲ್ಲಿ ಹತ್ತು ಸೆಕೆಂಡಿನ ಆಸುಪಾಸು. ಅದಕ್ಕಿಂತ ನಮ್ಮ ಊರಿನ ನೀರು ದೊಡ್ಡ ವಿಷಯ. ಕಳೆದ ಜುಲೈನಲ್ಲಿ ಅಡುಗೆಮನೆಯ ತಕ್ಕಡಿ ಮೇಲೆ ಪೇಪರ್ ಹಾಸಿ ನನ್ನ ಶೂ ತೂಗಿದೆ. ಒಣಗಿದ್ದಾಗ 252 ಗ್ರಾಂ, ಮಳೆಯಲ್ಲಿ ಓಡಿ ಬಂದ ಮೇಲೆ 318. ಆ ತಕ್ಕಡಿಯಲ್ಲಿ ಮೈದಾ ತೂಗುವವರು ಅದನ್ನು ನೋಡಿದ್ದು ಬೇರೆ ಕಥೆ. ಮಳೆ ಇಲ್ಲದ ಅಕ್ಟೋಬರ್‌ನಲ್ಲೂ ಬೆವರು ಸಾಕ್ಸ್ ದಾಟಿ ಶೂ ಒಳಗೇ ಇಳಿಯುತ್ತದೆ. ಹಾಗಾಗಿ ಮೇಲ್ಬಟ್ಟೆ ತೆಳ್ಳಗಿರಲಿ, ನಾಲಿಗೆಯಲ್ಲಿ ದಪ್ಪ ಸ್ಪಂಜ್ ಬೇಡ. ಒದ್ದೆಯಾದರೆ ಒಳಸೋಲ್ ತೆಗೆದು, ಹಳೇ ಪೇಪರ್ ತುರುಕಿ, ಫ್ಯಾನ್ ಕೆಳಗಿಡಿ. ಸುಡು ಬಿಸಿಲು, ಹೇರ್ ಡ್ರೈಯರ್ ಎರಡೂ ಬೇಡ, ಅಂಟು ಬಿಡುತ್ತದೆ.

ಹಿಡಿತವನ್ನೂ ಒಣ ನೆಲದಲ್ಲಿ ನೋಡಿ ಮೋಸ ಹೋಗಬೇಡಿ. ಫೈವ್ ಗಾರ್ಡನ್ಸ್ ಕಡೆ ಪಾಚಿ ಕಟ್ಟಿದ ಪೇವರ್ ಬ್ಲಾಕ್, ಜೀಬ್ರಾ ಕ್ರಾಸಿಂಗ್‌ನ ಬಿಳಿ ಪಟ್ಟೆ, ಗಟಾರದ ಕಬ್ಬಿಣದ ಮುಚ್ಚಳ, ಶೂವಿನ ಪರೀಕ್ಷೆ ಆಗುವುದು ಇಲ್ಲೇ. ಮುಂಗಾಲಿನ ಅಡಿಯಲ್ಲಿ ನಿಜವಾದ ರಬ್ಬರ್ ಇದೆಯಾ, ಬರೀ ಫೋಮ್ ಬಿಟ್ಟಿದ್ದಾರಾ ಅಂತ ತಿರುಗಿಸಿ ನೋಡಿ.

ಇನ್ನು ಜನವರಿಯ ಮಾತು. ಹಾಫ್‌ನಲ್ಲಿ ಸೀ ಲಿಂಕ್ ಸೇತುವೆ ಮೇಲೆ ಯಾವ ಶೂ ಹಾಕಿದರೂ ಹುಮ್ಮಸ್ಸಿನಲ್ಲಿ ಓಡಿಬಿಡ್ತೀರಿ. ಕೊನೆಯ ಭಾಗದಲ್ಲಿ ಪೆಡ್ಡರ್ ರೋಡ್ ಏರು ಬರುತ್ತದೆ. ಆಗ ಪೇಸ್ ತಾನಾಗಿಯೇ ಏಳಕ್ಕೆ ಇಳಿಯುತ್ತದೆ, ಹೆಜ್ಜೆ ಸಣ್ಣದಾಗುತ್ತದೆ. ಆ ಹೊತ್ತಲ್ಲಿ ಕಾಲ ಕೆಳಗೆ ಹಲಗೆ ಇದ್ದರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಒಂದು ವಿಷಯ ನೀವು ಬರೆದಿಲ್ಲ. ಈಗಿನ ಶೂವಿನ ಡ್ರಾಪ್, ಅಂದರೆ ಹಿಮ್ಮಡಿಗೂ ಮುಂಗಾಲಿಗೂ ಇರುವ ಎತ್ತರದ ವ್ಯತ್ಯಾಸ, ಎಷ್ಟು? ಅದು 10 ಮಿಲಿಮೀಟರ್ ಆಗಿದ್ದು ಹೊಸದು 6-7 ಆದರೆ ಮೀನಖಂಡ ಹಿಡಿದುಕೊಳ್ಳಬಹುದು. ಮೊದಲ ಎರಡು ವಾರ ವಾರಕ್ಕೊಂದೇ ಸಲ, ಅದೂ ನಾಲ್ಕೈದು ಕಿಲೋಮೀಟರ್ ಮಾತ್ರ ಹಾಕಿ. ಮಾಡೆಲ್ ಹೆಸರು ಕೆಳಗೆ ಬರೆಯಿರಿ, ನೋಡಿ ಹೇಳ್ತೀನಿ. ಯಾವುದಾದರೂ ಭಾನುವಾರ ಶಿವಾಜಿ ಪಾರ್ಕ್ ಕಡೆ ಬಂದರೆ ನನ್ನ ಎಂಡಾರ್ಫಿನ್ ಸ್ಪೀಡ್ ಹಾಕಿ ಎರಡು ಸುತ್ತು ಓಡಿ ನೋಡಬಹುದು, ಸೈಜ್ ಯುಕೆ 9. ಆಮೇಲೆ ಕಿಂಗ್ಸ್ ಸರ್ಕಲ್‌ನಲ್ಲಿ ಇಡ್ಲಿ ನಿಮ್ಮ ಲೆಕ್ಕ.