ಗ್ರಿಡ್‌ನ ಮನೆ ಚೌಕವಲ್ಲ: ಬೀದರಿನ ಬರಹಗಾರರೊಬ್ಬರಿಗೆ ಉತ್ತರ

ಮಾನ್ಯರೇ, ಶರಣು.

ಬೀದರಿನ ಚೌಬಾರ ಗೋಪುರದ ಫೋಟೋದ ಮೇಲೆ ಅಡ್ಡ ಉದ್ದ ಗ್ರಿಡ್ ಗೆರೆ ಎಳೆದು, ಗೆರೆಗಳ ನಡುವಿನ ಮನೆಗಳನ್ನು ಎಣಿಸಿ, ಆ ಲೆಕ್ಕದಂತೆ ಲೆಗೊ ಆಟಿಕೆ ಇಟ್ಟಿಗೆಯಲ್ಲಿ ಮಾದರಿ ಕಟ್ಟುವ ಬಗೆಯನ್ನು ವಿವರಿಸುವ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ವಿಷಯ ಹೊಸದು, ಕಣ್ಣೆದುರಿನ ಕಟ್ಟಡವನ್ನೇ ಆರಿಸಿಕೊಂಡದ್ದು ಸರಿ, ಭಾಷೆಯೂ ತಕ್ಕಮಟ್ಟಿಗೆ ನಿಮ್ಮ ಹಿಡಿತದಲ್ಲಿದೆ. ಆದರೆ ಲೇಖನ ನಿಂತಿರುವ ಲೆಕ್ಕವೇ ತಪ್ಪಾಗಿದ್ದು, ಅದನ್ನು ನಂಬಿ ಇಟ್ಟಿಗೆ ಕೊಂಡವರ ದುಡ್ಡು ದಂಡವಾಗುತ್ತದೆ.

71 ಅಡಿ ಎತ್ತರದ ಚೌಬಾರವನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಿದರೆ ಮಾದರಿ ಸುಮಾರು 216 ಮಿ.ಮೀ. ಎತ್ತರವಾಗಬೇಕು ಎಂಬಲ್ಲಿಯವರೆಗೆ ನೀವು ಸರಿಯಾಗಿಯೇ ಬಂದಿದ್ದೀರಿ. ಅಲ್ಲಿಂದ ಮುಂದೆ, ನಾಲ್ಕೂ ಬದಿ 8 ಮಿ.ಮೀ. ಇರುವ ಚೌಕದ ಗ್ರಿಡ್ ಹಾಕಿ, ಬುಡದಿಂದ ತುದಿಗೆ 27 ಮನೆ ಎಣಿಸಿ, ಆದ್ದರಿಂದ 27 ಸಾಲು ಇಟ್ಟಿಗೆ ಬೇಕೆಂದು ಬರೆದಿದ್ದೀರಿ. 8 ಮಿ.ಮೀ. ಎಂಬುದು ಒಂದು ಸ್ಟಡ್‌ನ (ಇಟ್ಟಿಗೆಯ ಮೇಲಿನ ದುಂಡು ಗುಬುಟಿನ) ನಡುವಿನಿಂದ ಪಕ್ಕದ ಸ್ಟಡ್‌ನ ನಡುವಿಗೆ ಇರುವ ಅಂತರ, ಅಂದರೆ ಅಡ್ಡಳತೆ. ಇಟ್ಟಿಗೆಯ ಎತ್ತರ, ಮೇಲಿನ ಸ್ಟಡ್ ಬಿಟ್ಟು, 9.6 ಮಿ.ಮೀ. ಹಾಗಾಗಿ ನಿಮ್ಮ 27 ಸಾಲು 259 ಮಿ.ಮೀ. ಆಗುತ್ತದೆ, ಮತ್ತು 71 ಅಡಿಯ ಚೌಬಾರ 85 ಅಡಿಯದಾಗುತ್ತದೆ. ಬೀದರಿನ ಜನ ಹೋಗುತ್ತ ಬರುತ್ತ ನೋಡುವ ಗೋಪುರವದು. ಐದರಲ್ಲಿ ಒಂದು ಪಾಲು ಉದ್ದವಾದರೆ ಅವರು ಅಳತೆಪಟ್ಟಿ ಹಿಡಿಯದೆಯೇ ಹೇಳಿಬಿಡುತ್ತಾರೆ.

ಎದುರುನೋಟಕ್ಕೆ ಹಾಕುವ ಗ್ರಿಡ್‌ನ ಮನೆ 8ಕ್ಕೆ 9.6, ಅಂದರೆ ಅಗಲಕ್ಕೆ 5, ಎತ್ತರಕ್ಕೆ 6 ಎಂಬ ಪ್ರಮಾಣದ ಆಯತವಾಗಿರಬೇಕು. ಫೋಟೋದಲ್ಲಿ ಗೋಪುರದ ಎತ್ತರ 2160 ಪಿಕ್ಸೆಲ್ ಇದೆ ಎಂದಿಟ್ಟುಕೊಳ್ಳಿ; ಆಗ ಮಾದರಿಯ ಒಂದು ಮಿ.ಮೀ.ಗೆ 10 ಪಿಕ್ಸೆಲ್‌ನಂತೆ ಮನೆಯ ಅಗಲ 80 ಪಿಕ್ಸೆಲ್, ಎತ್ತರ 96 ಪಿಕ್ಸೆಲ್, ಒಟ್ಟು ಎತ್ತರ ಇಪ್ಪತ್ತೆರಡೂವರೆ ಮನೆ. ಆ ಅರ್ಧ ಮನೆಯನ್ನು ಏನು ಮಾಡಬೇಕೆಂಬ ಪ್ರಶ್ನೆ ಓದುಗರಿಗೆ ಬಂದೇ ಬರುತ್ತದೆ, ಮತ್ತು ನಿಮ್ಮ ಲೇಖನದಲ್ಲಿ ಪ್ಲೇಟಿನ, ಅಂದರೆ ತೆಳು ಇಟ್ಟಿಗೆಯ, ಮಾತೇ ಇಲ್ಲ. ಒಂದು ಇಟ್ಟಿಗೆಯ ಎತ್ತರಕ್ಕೆ ಮೂರು ಪ್ಲೇಟ್ ಕೂಡುತ್ತವೆ, ಒಂದೊಂದೂ 3.2 ಮಿ.ಮೀ.; ಆದ್ದರಿಂದ 96 ಪಿಕ್ಸೆಲ್‌ನ ಮನೆಯನ್ನು ತೆಳುವಾದ ಗೆರೆಗಳಿಂದ 32 ಪಿಕ್ಸೆಲ್‌ನ ಮೂರು ಪಟ್ಟಿಗಳಾಗಿ ಸೀಳಬೇಕು. 22 ಸಾಲು ಇಟ್ಟಿಗೆಯ ಮೇಲೆ ಎರಡು ಪ್ಲೇಟ್ ಇಟ್ಟರೆ 217.6 ಮಿ.ಮೀ., ಅದು ಸಾಕಷ್ಟು ಹತ್ತಿರದ ಅಳತೆ. ಚೌಬಾರದಂಥ ಕಟ್ಟಡದಲ್ಲಿ ಅಂಚುಪಟ್ಟಿ, ಕಿಟಕಿಯ ಮೇಲಿನ ಕಮಾನು ಮುಂತಾದ ಸಣ್ಣ ಕೆಲಸವೆಲ್ಲ ಈ ತೆಳು ಪಟ್ಟಿಗಳಲ್ಲಿಯೇ ಸಿಗುತ್ತದೆಯಾದ್ದರಿಂದ, ಇದಕ್ಕೆ ಒಂದು ಪ್ಯಾರಾ ಅಲ್ಲ, ಒಂದು ಪುಟವನ್ನೇ ಕೊಡಿ.

ಚಿತ್ರ ತಿದ್ದುವ ಜಿಂಪ್ ತಂತ್ರಾಂಶದಲ್ಲಿ ಗ್ರಿಡ್ ಹಾಕುವ ಭಾಗ ಚುಟುಕಾಗಿದೆ, ಹಾಗೇ ಇರಲಿ. ಎರಡು ಮಾತು ಮಾತ್ರ ಸೇರಿಸಿ: ಗ್ರಿಡ್‌ನ ಅಗಲ ಮತ್ತು ಎತ್ತರದ ಅಂಕಿಗಳನ್ನು ಜೋಡಿಸುವ ಸರಪಳಿ ಗುರುತನ್ನು ಬಿಡಿಸದಿದ್ದರೆ ಎರಡಕ್ಕೂ ಬೇರೆ ಬೇರೆ ಅಳತೆ ಕೊಡಲಾಗದು; ಮತ್ತು ಪರದೆಯ ಮೇಲೆ ಮಾತ್ರ ತೋರುವ ಗ್ರಿಡ್ ಎಕ್ಸ್‌ಪೋರ್ಟ್ ಮಾಡಿದ ಚಿತ್ರದಲ್ಲಿ ಬರುವುದಿಲ್ಲವಾದ್ದರಿಂದ, ಪ್ರಿಂಟ್ ತೆಗೆಯುವವರು ಫಿಲ್ಟರ್‌ಗಳ ಪಟ್ಟಿಯಲ್ಲಿರುವ ಗ್ರಿಡ್ಡನ್ನು ಬೇರೊಂದು ಲೇಯರ್ ಮೇಲೆ ಎಳೆದುಕೊಳ್ಳಬೇಕು.

ಫೋಟೋ ವಿಷಯದಲ್ಲಿ ನೀವು ಇನ್ನಷ್ಟು ಕಟ್ಟುನಿಟ್ಟಾಗಿರಬೇಕಿತ್ತು. ಲಗತ್ತಿಸಿದ ಚಿತ್ರವನ್ನು ಗೋಪುರದ ಬುಡದಲ್ಲಿ ನಿಂತು, ಮೊಬೈಲನ್ನು ಮೇಲಕ್ಕೆ ವಾಲಿಸಿ ತೆಗೆಯಲಾಗಿದೆ. ಅಂಥ ಚಿತ್ರದಲ್ಲಿ ಗೋಪುರ ಮೇಲೆ ಹೋದಂತೆ ಸಣ್ಣದಾಗುತ್ತದೆ, ಮೇಲಿನ ಒಂದು ಮನೆಗೂ ಕೆಳಗಿನ ಒಂದು ಮನೆಗೂ ಅಡಿಯ ಲೆಕ್ಕ ಒಂದೇ ಇರುವುದಿಲ್ಲ, ಹಾಗಾಗಿ ಎಷ್ಟೇ ಅಚ್ಚುಕಟ್ಟಾದ ಗ್ರಿಡ್ ಹಾಕಿದರೂ ಅದು ಸುಳ್ಳನ್ನೇ ಅಚ್ಚುಕಟ್ಟಾಗಿ ಎಣಿಸುತ್ತದೆ. ಆದಷ್ಟು ದೂರ ಸರಿದು, ಸಾಧ್ಯವಾದರೆ ಎದುರಿನ ಮಾಳಿಗೆ ಹತ್ತಿ, ಜೂಮ್ ಮಾಡಿ, ಕ್ಯಾಮೆರಾವನ್ನು ನೆಟ್ಟಗೆ ಹಿಡಿದು ತೆಗೆಯಿರಿ. ಉಳಿದ ಓರೆಯನ್ನು ಗ್ರಿಡ್ ಹಾಕುವ ಮೊದಲೇ ತಿದ್ದಿಕೊಳ್ಳಿ. ಇನ್ನೊಂದು ಮಾತು: ಚೌಬಾರ ದುಂಡನೆಯ ಗೋಪುರ. ಎದುರಿನ ಫೋಟೋ ಅದರ ಅಂಚನ್ನು ಹೇಳುತ್ತದೆಯೇ ಹೊರತು ದುಂಡನ್ನು ಹೇಳುವುದಿಲ್ಲ. ಅದಕ್ಕೆ ಮೇಲಿನಿಂದ ಕಂಡಂತಿರುವ ನಕ್ಷೆ ಬೇಕು, ಮತ್ತು ಆ ನಕ್ಷೆಯ ಮೇಲೆ ನಿಮ್ಮ ಪ್ರಿಯವಾದ ಚೌಕದ ಗ್ರಿಡ್ ಧಾರಾಳವಾಗಿ ನಡೆಯುತ್ತದೆ.

ನಕ್ಷೆಯ ಪಾಠಕ್ಕೆ ದುಂಡು ಕಟ್ಟಡಕ್ಕಿಂತ ಕಲಬುರಗಿ ಕೋಟೆಯ ಜಾಮಿ ಮಸೀದಿ ಒಳ್ಳೆಯ ಉದಾಹರಣೆಯಾದೀತು. 1367ರ ಆ ಕಟ್ಟಡ ಪೂರ್ವ ಪಶ್ಚಿಮವಾಗಿ 216 ಅಡಿ, ಉತ್ತರ ದಕ್ಷಿಣವಾಗಿ 176 ಅಡಿ ಇದೆ. ತೆರೆದ ಅಂಗಳವಿಲ್ಲದೆ ಇಡೀ ಜಾಗಕ್ಕೆ ಛಾವಣಿ ಇರುವುದರಿಂದ ನಕ್ಷೆಯ ಅಂಚು ಸರಳ ಆಯತ. ಇನ್ನೂರರಲ್ಲಿ ಒಂದು ಪಾಲಿಗೆ ಇಳಿಸಿದರೆ ಉದ್ದ 41 ಸ್ಟಡ್, ಅಗಲ ಮೂವತ್ತಮೂರೂವರೆ. ಅದನ್ನು 33 ಮಾಡಬೇಕೋ 34 ಮಾಡಬೇಕೋ ಎಂಬುದು ಬರಿಯ ಸುತ್ತು ಲೆಕ್ಕವಲ್ಲ: ದೊಡ್ಡ ಗುಮ್ಮಟ ನಡುಗೆರೆಯ ಮೇಲೆ ಬರುವುದರಿಂದ, ಅದರ ಬುಡಕ್ಕೆ ಬೆಸ ಸಂಖ್ಯೆಯ ಸ್ಟಡ್ ಇಟ್ಟರೆ 33, ಸರಿ ಸಂಖ್ಯೆಯದಾದರೆ 34. ಇಂಥ ನಿರ್ಧಾರಗಳೇ ಲೇಖನದ ಜೀವ, ಮತ್ತು ಅವು ನಿಮ್ಮ ಬರಹದಲ್ಲಿ ಒಂದೂ ಇಲ್ಲ.

ಅವಕ್ಕೆ ಜಾಗ ಎಲ್ಲಿಂದ ತರಲಿ ಎಂದು ಕೇಳಬಹುದು. 1958ರ ಲೆಗೊ ಪೇಟೆಂಟಿನಿಂದ ಹಿಡಿದು ಬಹಮನಿ ಸುಲ್ತಾನರ ವಂಶಾವಳಿಯವರೆಗಿನ ಮೊದಲ ಅರ್ಧವನ್ನು ತೆಗೆದುಹಾಕಿ; ಗ್ರಿಡ್ ಹಾಕಲು ಕುಳಿತ ಓದುಗರಿಗೆ ಅದು ಬೇಡ.

ತಿದ್ದಿದ ಪ್ರತಿಯ ಜೊತೆಗೆ ಗ್ರಿಡ್ ಹಾಕದ ಮೂಲ ಫೋಟೋ, ಗ್ರಿಡ್ ಹಾಕಿದ ಫೋಟೋ ಮತ್ತು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಮಾದರಿಯ ಚಿತ್ರ, ಈ ಮೂರನ್ನೂ ಕಳುಹಿಸಿ. ಮಾದರಿಯನ್ನು ಇನ್ನೂ ಕಟ್ಟಿಲ್ಲವಾದರೆ ಮೊದಲು ಕಟ್ಟಿ, ಆಮೇಲೆ ಬರೆಯಿರಿ.

ಸಂಪಾದಕ